ನೀಲಿ ಹೊಗೆ, ಇಳಿಯುವ ಆಯಿಲ್

ಹಳೆಯ ಮೋಟಾರ್ ಸೈಕಲ್ಲಿನ ಸೈಲೆನ್ಸರಿನಿಂದ ಬರುವ ಹೊಗೆ ಮೂರು ಬಗೆಯದು. ಬಿಳಿಯದು ನೀರಿನ ಆವಿ, ಕಪ್ಪು ಬಣ್ಣದ್ದು ಅರೆಬರೆ ಉರಿದ ಪೆಟ್ರೋಲಿನ ಮಸಿ, ನೀಲಿಯದು ಆಯಿಲ್. ಬೈಕ್ ಇಟ್ಟುಕೊಂಡವರಲ್ಲಿ ಹೆಚ್ಚಿನವರು ಇಷ್ಟನ್ನು ಬಲ್ಲರು. ತಪ್ಪಾಗುವುದು ಇದರ ಮುಂದಿನ ಹೆಜ್ಜೆಯಲ್ಲಿ. ನೀಲಿ ಹೊಗೆ ಕಂಡ ಕೂಡಲೇ ‘ಬೋರ್ ಹೋಗಿದೆ, ಇಂಜಿನ್ ಇಳಿಸಬೇಕು’ ಎಂಬ ತೀರ್ಪು ಹೊರಬೀಳುತ್ತದೆ. ಅದೇ ನೀಲಿ ಹೊಗೆಗೆ ಬೆರಳ ತುದಿಯಷ್ಟಿನ ಒಂದು ರಬ್ಬರ್ ಸೀಲೂ ಕಾರಣವಾಗಬಹುದು, ಕಟ್ಟಿಕೊಂಡ ಬ್ರೀದರ್ ಪೈಪೂ ಕಾರಣವಾಗಬಹುದು, ಅಳತೆ ಮೀರಿ ಸುರಿದ ಆಯಿಲೂ ಕಾರಣವಾಗಬಹುದು. ಇವನ್ನು ಒಂದರಿಂದ ಒಂದು ಬೇರ್ಪಡಿಸಿ ನೋಡಲು ಬಣ್ಣವೊಂದೇ ಸಾಲದು. ಹೊಗೆ ಯಾವ ಹೊತ್ತಿನಲ್ಲಿ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಗಮನಿಸಬೇಕು.

ಅದಕ್ಕೂ ಮೊದಲು ಇಂಜಿನ್ ಯಾವ ಜಾತಿಯದೆಂದು ತಿಳಿದಿರಬೇಕು. ಎರಕದ ಕಬ್ಬಿಣದ ಸಿಲಿಂಡರಿನ ಹಳೆಯ ಬುಲೆಟ್ 350, 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100, 1994ರಲ್ಲಿ ಬಂದ ಸ್ಪ್ಲೆಂಡರ್ ಇವೆಲ್ಲ ಫೋರ್ ಸ್ಟ್ರೋಕ್. ಇವುಗಳಲ್ಲಿ ಆಯಿಲ್ ಇಂಜಿನ್ನಿನ ಒಳಗೇ ಸುತ್ತುತ್ತದೆ, ಉರಿಯುವ ಕೋಣೆಗೆ ಅದಕ್ಕೆ ಪ್ರವೇಶವಿಲ್ಲ. ಕಣ್ಣಿಗೆ ಕಾಣುವಷ್ಟು ನೀಲಿ ಹೊಗೆ ಬಂದರೆ ಅದು ದೋಷವೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರ ದಶಕದ ಆರಂಭದಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿಗಳು ಮತ್ತು ಯಮಾಹಾ ಆರ್‌ಎಕ್ಸ್ 100 ಟೂ ಸ್ಟ್ರೋಕ್. ಇವುಗಳಲ್ಲಿ ಆಯಿಲ್ ಪೆಟ್ರೋಲಿನ ಜೊತೆಗೇ ಉರಿದುಹೋಗಬೇಕೆಂಬುದೇ ವಿನ್ಯಾಸ. ಅಲ್ಲಿ ಕೇಳಬೇಕಾದ ಪ್ರಶ್ನೆ ಹೊಗೆ ಇದೆಯೇ ಎಂಬುದಲ್ಲ, ಎಷ್ಟಿದೆ ಎಂಬುದು.

ಬಿಳಿ ಹೊಗೆಯ ವಿಷಯ ಬೇಗ ಮುಗಿಯುತ್ತದೆ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಹುಟ್ಟುತ್ತದೆ. ಸೈಲೆನ್ಸರ್ ಕಾದಿರುವಾಗ ಅದು ಕಣ್ಣಿಗೆ ಕಾಣದ ಆವಿಯಾಗಿ ಹೋಗುತ್ತದೆ. ಮಡಿಕೇರಿ, ಚಿಕ್ಕಮಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಸೈಲೆನ್ಸರ್ ತಣ್ಣಗಿದ್ದಾಗ ಅದೇ ಆವಿ ಬಿಳಿಯಾಗಿ ಕಾಣುತ್ತದೆ, ತುದಿಯಿಂದ ನೀರೂ ತೊಟ್ಟಿಕ್ಕುತ್ತದೆ. ಬೈಕ್ ಬಿಸಿಯಾದೊಡನೆ ನಿಂತುಹೋಗುವ ಈ ಹೊಗೆಗೆ ಚಿಕಿತ್ಸೆ ಬೇಕಿಲ್ಲ. ಹಳೆಯ ಬೈಕುಗಳೆಲ್ಲ ಬಹುಮಟ್ಟಿಗೆ ಗಾಳಿಯಿಂದ ತಣಿಯುವಂಥವು. ರೇಡಿಯೇಟರೇ ಇಲ್ಲದ ಮೇಲೆ ಅದರ ನೀರು ಸಿಲಿಂಡರಿಗೆ ಸೋರುವ ಮಾತೂ ಇಲ್ಲ. ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ ಬರುತ್ತಿದ್ದರೆ ಅದನ್ನು ಆಯಿಲ್ ಎಂದೇ ಅನುಮಾನಿಸಬೇಕು. ಆಯಿಲ್ ಹೆಚ್ಚು ಪ್ರಮಾಣದಲ್ಲಿ ಹೋದಾಗ ಹೊಗೆ ನೀಲಿಗಿಂತ ಬಿಳಿಯಾಗಿಯೇ ಕಾಣುತ್ತದೆ.

ಕಪ್ಪು ಹೊಗೆಯ ಮೂಲ ಕಾರ್ಬೊರೇಟರಿನ ಕಡೆಗಿದೆ. ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚಾಗಿದೆ ಎಂಬುದು ಅದರ ಅರ್ಥ. ಧೂಳು ಕಟ್ಟಿದ ಏರ್ ಫಿಲ್ಟರ್, ಪೂರ್ತಿ ಹಿಂದಕ್ಕೆ ಬಾರದ ಚೋಕ್, ಎತ್ತರ ತಪ್ಪಿದ ಫ್ಲೋಟ್, ವರ್ಷಗಟ್ಟಲೆ ಉಜ್ಜಿ ಸವೆದ ನೀಡಲ್ ಮತ್ತು ಅದರ ಜೆಟ್, ಈ ನಾಲ್ಕರಲ್ಲಿ ಒಂದು ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. ಇಂಜಿನ್ ತಣಿದಿರುವಾಗ ಸೈಲೆನ್ಸರಿನ ತುದಿಯೊಳಗೆ ಬೆರಳಾಡಿಸಿದರೆ ಒಣ ಮಸಿ ಅಂಟುತ್ತದೆ. ಜಿಡ್ಡು ಅಂಟಿದರೆ ಅದು ಆಯಿಲ್. ಕಪ್ಪು ಹೊಗೆಯಿಂದ ಪೆಟ್ರೋಲ್ ಖರ್ಚಷ್ಟೇ ಹೆಚ್ಚುತ್ತದೆಂದು ಅದನ್ನು ಸಹಿಸಿಕೊಂಡು ಓಡಿಸುವವರು ಬಹಳ. ಇದು ಸರಿಯಲ್ಲ. ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಮೇಲಿನ ಆಯಿಲ್ ಪದರವನ್ನು ತೊಳೆದುಹಾಕುತ್ತದೆ, ರಿಂಗುಗಳ ಸಂದಿಯಿಂದ ಕೆಳಗಿಳಿದು ಆಯಿಲನ್ನು ತೆಳುವಾಗಿಸುತ್ತದೆ. ರಿಂಗು, ಬೋರು ಎರಡೂ ಬೇಗ ಸವೆಯುತ್ತವೆ. ಇಂದಿನ ಕಪ್ಪು ಹೊಗೆಯೇ ಮುಂದಿನ ವರ್ಷದ ನೀಲಿ ಹೊಗೆಯಾಗುವುದು ಹೀಗೆ.

ನೀಲಿ ಹೊಗೆ

ಉರಿಯುವ ಕೋಣೆಗೆ ಹೊಕ್ಕ ಆಯಿಲ್ ಪೂರ್ತಿ ಉರಿಯುವುದಿಲ್ಲ. ಒಂದಿಷ್ಟು ಆವಿಯಾಗಿ ಹೊರಬಂದು, ಗಾಳಿಯಲ್ಲಿ ತಣಿದು ಅತಿ ಸಣ್ಣ ಹನಿಗಳಾಗುತ್ತದೆ. ಬೆಳಕಿನ ನೀಲಿ ಭಾಗವನ್ನು ಈ ಹನಿಗಳು ಹೆಚ್ಚಾಗಿ ಚದುರಿಸುವುದರಿಂದ ಹೊಗೆ ನೀಲಿಯಾಗಿ ತೋರುತ್ತದೆ. ಕಪ್ಪು ಹಿನ್ನೆಲೆಯ ಎದುರು, ಪಕ್ಕದಿಂದ ಬಿಸಿಲು ಬೀಳುವಾಗ ನೋಡಿದರೆ ಬಣ್ಣ ಸ್ಪಷ್ಟ. ಮೋಡ ಮುಸುಕಿದ ಆಕಾಶವನ್ನು ಹಿಂದಿಟ್ಟುಕೊಂಡು ನೋಡಿದರೆ ಅದೇ ಹೊಗೆ ಬೂದಿಯಂತೆ ಕಂಡು ಮೋಸವಾಗಬಹುದು. ಈ ಪರೀಕ್ಷೆಯನ್ನು ಬಯಲಲ್ಲೇ ಮಾಡಬೇಕು. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಿದರೆ ಬಣ್ಣ ವಾಸನೆ ಎರಡೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡು ಪ್ರಾಣಕ್ಕೇ ಅಪಾಯ.

ಸ್ಪ್ಯಾನರ್ ಹಿಡಿಯುವ ಮೊದಲು ನೋಡಬೇಕಾದದ್ದು ಆಯಿಲಿನ ಮಟ್ಟ. ಬೈಕನ್ನು ಸಮತಟ್ಟಾದ ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಕೆಲವು ನಿಮಿಷ ಓಡಿಸಿ, ಆರಿಸಿ, ಆಯಿಲ್ ಕೆಳಗಿಳಿಯಲು ಸ್ವಲ್ಪ ಹೊತ್ತು ಬಿಟ್ಟು ಅಳೆಯಬೇಕು. ಸಿಡಿ 100, ಸ್ಪ್ಲೆಂಡರುಗಳಲ್ಲಿ ಡಿಪ್‌ಸ್ಟಿಕ್ಕನ್ನು ಒರೆಸಿ, ತಿರುಗಿಸಿ ಬಿಗಿಯದೆ ಸುಮ್ಮನೆ ಒಳಗಿಟ್ಟು ನೋಡುವುದು ಕ್ರಮ. ಬಿಗಿದು ನೋಡಿದರೆ ಕಡ್ಡಿ ಇನ್ನಷ್ಟು ಕೆಳಕ್ಕಿಳಿದು, ಇಲ್ಲದ ಆಯಿಲನ್ನು ಇದೆಯೆಂದು ತೋರಿಸುತ್ತದೆ. ಆಯಿಲ್ ಹೆಚ್ಚಾದರೂ ಕೇಡೇ. ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ, ಸಿಲಿಂಡರಿನ ಗೋಡೆಗೆ ರಿಂಗುಗಳು ಕೆರೆದು ಇಳಿಸಲಾರದಷ್ಟು ಆಯಿಲ್ ಎರಚುತ್ತದೆ. ‘ಹೇಗೂ ಕುಡಿಯುತ್ತದಲ್ಲ’ ಎಂದು ಮೇಲಿನ ಗೆರೆ ದಾಟಿಸಿ ಸುರಿಯುವ ಅಭ್ಯಾಸದಿಂದಲೇ ಎಷ್ಟೋ ಬೈಕುಗಳು ಹೊಗೆ ಉಗುಳುತ್ತವೆ.

ಆಯಿಲ್ ಹಾಕದೆಯೇ ಅದರ ಮಟ್ಟ ಏರಿದ್ದರೆ ಎಚ್ಚರವಾಗಬೇಕು. ಕಡ್ಡಿಯನ್ನು ಮೂಸಿದರೆ ಪೆಟ್ರೋಲ್ ವಾಸನೆ ಬರುತ್ತದೆಯೇ ನೋಡಬೇಕು. ಕಾರ್ಬೊರೇಟರಿನ ಫ್ಲೋಟ್ ನೀಡಲ್ ಸವೆದು, ಟ್ಯಾಂಕಿನ ಕಾಕ್ ಮುಚ್ಚದೆ ಬಿಟ್ಟಿದ್ದರೆ ಇಡೀ ರಾತ್ರಿ ಪೆಟ್ರೋಲ್ ಸಿಲಿಂಡರಿಗಿಳಿದು, ಅಲ್ಲಿಂದ ಆಯಿಲಿಗೆ ಸೇರುತ್ತದೆ. ನೀರಿನಂತಾದ ಆ ಆಯಿಲಿನಲ್ಲಿ ಇಂಜಿನ್ ಓಡಿಸಿದರೆ ಬೇರಿಂಗುಗಳು ಉಳಿಯುವುದಿಲ್ಲ. ಮೊದಲು ನೀಡಲ್ ಬದಲಿಸಿ, ಆಯಿಲ್ ಪೂರ್ತಿ ಇಳಿಸಿ ಹೊಸದು ಹಾಕಬೇಕು. ಹೊಗೆಯ ವಿಚಾರ ಆಮೇಲಿನದು.

ಬ್ರೀದರ್ ಪೈಪನ್ನು ನೋಡುವವರೇ ಕಡಿಮೆ. ಪಿಸ್ಟನ್ ಕೆಳಗಿಳಿದಾಗಲೆಲ್ಲ ಕ್ರ್ಯಾಂಕ್‌ಕೇಸಿನ ಗಾಳಿ ಒತ್ತಿಕೊಳ್ಳುತ್ತದೆ. ರಿಂಗುಗಳ ಸಂದಿಯಿಂದ ನುಸುಳಿದ ಬಿಸಿ ಗಾಳಿಯೂ ಅದಕ್ಕೆ ಸೇರುತ್ತದೆ. ಇದೆಲ್ಲ ಹೊರಹೋಗಲು ಇರುವ ದಾರಿ ಈ ಪೈಪು. ಮಡಚಿಕೊಂಡೋ ಕೆಸರು ಕಟ್ಟಿಯೋ ಅದು ಮುಚ್ಚಿದರೆ ಒಳಗಿನ ಒತ್ತಡ ಆಯಿಲನ್ನು ಸಿಕ್ಕ ಸಂದಿಯಿಂದೆಲ್ಲ ಹೊರನೂಕುತ್ತದೆ: ಮೇಲೆ ರಿಂಗುಗಳ ಕಡೆಗೆ, ಪಕ್ಕಕ್ಕೆ ಪ್ಯಾಕಿಂಗುಗಳ ಕಡೆಗೆ. ಪದೇ ಪದೇ ಪ್ಯಾಕಿಂಗ್ ಬದಲಿಸಿದರೂ ಸೋರಿಕೆ ನಿಲ್ಲದ ಬೈಕಿನಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಪೈಪು ತೆರೆದಿದ್ದೂ ಅದರಿಂದ ಬುಸುಬುಸು ಹೊಗೆ, ಆಯಿಲ್ ಹನಿ ಬರುತ್ತಿದ್ದರೆ ಆಗ ರಿಂಗುಗಳ ಮೇಲೆ ಅನುಮಾನ ಗಟ್ಟಿಯಾಗುತ್ತದೆ.

ಇಷ್ಟೆಲ್ಲ ಸರಿಯಿದ್ದ ಮೇಲೆ ಹೊತ್ತಿನ ಲೆಕ್ಕ. ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಆಯಿಲ್ ಉರಿಯುವ ಕೋಣೆಗೆ ಹೊಗಲು ಮುಖ್ಯವಾದ ದಾರಿಗಳು ಎರಡು. ಒಂದು ಮೇಲಿನಿಂದ, ವಾಲ್ವ್ ಕಡ್ಡಿಯ ಪಕ್ಕದಿಂದ. ಇನ್ನೊಂದು ಕೆಳಗಿನಿಂದ, ಪಿಸ್ಟನ್ ರಿಂಗುಗಳನ್ನು ದಾಟಿ.

ಮೇಲಿನ ದಾರಿಯ ಗುರುತು ಬೆಳಗಿನ ಮೊದಲ ಕಿಕ್ಕಿನಲ್ಲೇ ಸಿಗುತ್ತದೆ. ಹೆಡ್ಡಿನಲ್ಲಿ ಉಳಿದ ಆಯಿಲ್ ರಾತ್ರಿಯಿಡೀ, ವಾಲ್ವ್ ಕಡ್ಡಿ ಓಡಾಡುವ ಸವೆದ ಗೈಡಿನ ಸಂದಿಯಿಂದ, ಗಟ್ಟಿಯಾಗಿ ಬಿರಿದ ವಾಲ್ವ್ ಸೀಲಿನ ಪಕ್ಕದಿಂದ ಹನಿಹನಿಯಾಗಿ ಇಳಿದಿರುತ್ತದೆ. ಸ್ಟಾರ್ಟ್ ಮಾಡಿದೊಡನೆ ಒಂದು ದೊಡ್ಡ ನೀಲಿ ಮೋಡ ಎದ್ದು, ಅರೆನಿಮಿಷ ಒಂದು ನಿಮಿಷದಲ್ಲಿ ತಿಳಿಯಾಗುತ್ತದೆ. ಎರಡನೆಯ ಗುರುತು ಇಳಿಜಾರಿನಲ್ಲಿ. ಆಗುಂಬೆ, ಚಾರ್ಮಾಡಿಯಂಥ ಘಾಟಿಯನ್ನು ಗೇರಿನಲ್ಲೇ, ಎಕ್ಸಲರೇಟರ್ ಪೂರ್ತಿ ಬಿಟ್ಟು ಇಳಿಯುವಾಗ ಕಾರ್ಬೊರೇಟರಿನ ಬಾಯಿ ಮುಚ್ಚಿರುತ್ತದೆ, ಪಿಸ್ಟನ್ ಮಾತ್ರ ಗಾಳಿ ಎಳೆಯಲು ಹವಣಿಸುತ್ತಲೇ ಇರುತ್ತದೆ. ಇನ್‌ಲೆಟ್ ದಾರಿಯಲ್ಲಿ ಬಲವಾದ ಹೀರುವಿಕೆ ಹುಟ್ಟಿ, ವಾಲ್ವ್ ಕಡ್ಡಿಯ ಸುತ್ತಲಿನ ಆಯಿಲ್ ಒಳಕ್ಕೆ ಸೆಳೆಯಲ್ಪಡುತ್ತದೆ. ಕೆಳಗೆ ಬಂದು ಎಕ್ಸಲರೇಟರ್ ತಿರುಗಿಸಿದೊಡನೆ ಸೇರಿಕೊಂಡ ಆಯಿಲೆಲ್ಲ ಒಟ್ಟಿಗೆ ಹೊಗೆಯಾಗಿ ಹೊರಬರುತ್ತದೆ. ಹಿಂದೆ ಬರುತ್ತಿರುವ ಇನ್ನೊಬ್ಬ ಸವಾರ ಇದನ್ನು ಚೆನ್ನಾಗಿ ಗಮನಿಸಬಲ್ಲ. ಬೈಕ್ ಓಡಿಸುವವನ ಕನ್ನಡಿಯಲ್ಲಿ ಇದು ಅರ್ಧ ಮಾತ್ರ ಕಾಣುತ್ತದೆ.

ಕೆಳಗಿನ ದಾರಿಯ ಗುರುತು ಇದಕ್ಕೆ ವಿರುದ್ಧ. ಇಬ್ಬರನ್ನು ಕೂರಿಸಿಕೊಂಡು ಏರು ಹತ್ತುವಾಗ, ಎಕ್ಸಲರೇಟರ್ ತಿರುಗಿಸಿದಷ್ಟೂ ಹೊಗೆ ಹೆಚ್ಚುತ್ತ ಹೋಗುತ್ತದೆ. ಇಂಜಿನ್ ಕಾದಷ್ಟೂ ಆಯಿಲ್ ತೆಳುವಾಗಿ ಹೊಗೆ ಇನ್ನೂ ದಟ್ಟವಾಗುತ್ತದೆ. ಎಳೆತ ಕಡಿಮೆಯಾಗಿರುತ್ತದೆ, ಕಿಕ್ಕರ್ ಒತ್ತಿದರೆ ತಡೆಯಿಲ್ಲದೆ ಹಗುರವಾಗಿ ಇಳಿಯುತ್ತದೆ. ಒಂದು ಎಚ್ಚರಿಕೆ ಬೇಕು: ಇಳಿಜಾರಿನ ಹೀರುವಿಕೆ ಸಿಲಿಂಡರಿನೊಳಗೂ ಇರುವುದರಿಂದ, ಮೂರು ರಿಂಗುಗಳಲ್ಲಿ ಕೆಳಗಿನದಾದ ಆಯಿಲ್ ರಿಂಗ್ ಸತ್ತಿದ್ದರೆ ಘಾಟಿಯಲ್ಲೂ ಹೊಗೆ ಬರುತ್ತದೆ. ಇಳಿಜಾರಿನಲ್ಲಿ ಮಾತ್ರ ಬಂದರೆ ವಾಲ್ವ್, ಏರು ಇಳಿಜಾರು ಎರಡರಲ್ಲೂ ಬಂದರೆ ರಿಂಗ್ ಎಂದು ಹಿಡಿದು ಮುಂದುವರಿಯುವುದು ಒಳ್ಳೆಯದು.

ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತಿದ್ದ ಬೈಕಿನ ಹೊಗೆಗೆ ಬೇರೆಯೇ ಲೆಕ್ಕ. ಹಳೆಯ ಆಯಿಲ್ ಅಂಟಾಗಿ, ರಿಂಗುಗಳು ಪಿಸ್ಟನ್ನಿನ ತೋಡಿನಲ್ಲೇ ಹಿಡಿದುಕೊಂಡಿರುತ್ತವೆ, ಸವೆದಿರಲಾರವು. ಹೊಸ ಆಯಿಲ್ ಹಾಕಿ ಕೆಲವು ನೂರು ಕಿಲೋಮೀಟರ್ ಹದವಾದ ವೇಗದಲ್ಲಿ ಓಡಿಸಿದರೆ ಅವು ಬಿಟ್ಟುಕೊಳ್ಳುವುದುಂಟು. ಇಂಥ ಬೈಕನ್ನು ತಂದ ದಿನವೇ ಬಿಚ್ಚಿ ಹಾಕುವುದು ಆತುರ.

ಹಳೆಯ ಬುಲೆಟ್ಟಿಗೆ ಇನ್ನೊಂದು ವಿಶೇಷವಿದೆ, ಮತ್ತು ಅದನ್ನರಿಯದೆ ಬೋರ್ ಮಾಡಿಸಿದವರು ಕಡಿಮೆಯಿಲ್ಲ. 70 ಮಿ.ಮೀ. ಬೋರ್, 90 ಮಿ.ಮೀ. ಸ್ಟ್ರೋಕಿನ ಈ 346 ಸಿಸಿ ಇಂಜಿನ್ನಿನಲ್ಲಿ ಆಯಿಲ್ ಕ್ರ್ಯಾಂಕಿನ ಕೆಳಗೆ ನಿಂತಿರುವುದಿಲ್ಲ. ಅದೇ ಎರಕದಲ್ಲಿ ಹಿಂಭಾಗಕ್ಕೆ ಪ್ರತ್ಯೇಕ ತೊಟ್ಟಿಯಿದೆ. ಒಂದು ಪಂಪ್ ತೊಟ್ಟಿಯಿಂದ ಆಯಿಲ್ ಎತ್ತಿ ಬೇರಿಂಗುಗಳಿಗೆ ಕೊಡುತ್ತದೆ, ಇನ್ನೊಂದು ಕ್ರ್ಯಾಂಕ್‌ಕೇಸಿಗೆ ಬಿದ್ದ ಆಯಿಲನ್ನು ತಿರುಗಿ ತೊಟ್ಟಿಗೆ ಸೇರಿಸುತ್ತದೆ. ಪಂಪ್ ಸ್ವಲ್ಪ ಸವೆದಿದ್ದರೆ, ಬೈಕ್ ವಾರಗಟ್ಟಲೆ ನಿಂತಾಗ ತೊಟ್ಟಿಯ ಆಯಿಲ್ ತಾನಾಗಿ ಜಿನುಗಿ ಕ್ರ್ಯಾಂಕ್‌ಕೇಸಿನಲ್ಲಿ ಮಡುಗಟ್ಟುತ್ತದೆ. ಆಗ ಸ್ಟಾರ್ಟ್ ಮಾಡಿದರೆ ಬೀದಿ ತುಂಬ ನೀಲಿ ಹೊಗೆ, ಬ್ರೀದರಿನಿಂದ ಆಯಿಲ್ ಚಿಲುಮೆ. ನೋಡಿದವರಿಗೆ ಇಂಜಿನ್ ಮುಗಿಯಿತೆಂದೇ ಅನ್ನಿಸುತ್ತದೆ. ತೊಟ್ಟಿಗೆ ಹಿಂದಿರುಗಿಸುವ ಪಂಪಿನ ಶಕ್ತಿ ಹೆಚ್ಚಿರುವುದರಿಂದ ಕೆಲವು ನಿಮಿಷಗಳಲ್ಲಿ ಮಡು ಖಾಲಿಯಾಗಿ ಹೊಗೆ ನಿಲ್ಲುತ್ತದೆ. ನಿಂತರೆ ರಿಂಗು ಬೋರುಗಳನ್ನು ದೂರಬೇಕಾಗಿಲ್ಲ. ಹತ್ತು ನಿಮಿಷವಾದರೂ ನಿಲ್ಲದಿದ್ದರೆ ಆ ಪಂಪು ಸೋತಿದೆಯೇ, ಅದರ ದಾರಿಯಲ್ಲಿ ಕಸ ಕಟ್ಟಿದೆಯೇ ಎಂದು ನೋಡಬೇಕು. ಬುಲೆಟ್ಟಿನ ಆಯಿಲ್ ಮಟ್ಟವನ್ನು ಓಡಿಸಿ ನಿಲ್ಲಿಸಿದ ಬಳಿಕವೇ ನೋಡಬೇಕೆಂಬುದೂ ಇದೇ ಕಾರಣಕ್ಕೆ. ಬಹುದಿನ ನಿಂತ ಬೈಕಿನ ತೊಟ್ಟಿಯಲ್ಲಿ ಆಯಿಲ್ ಕಡಿಮೆ ಕಂಡಿತೆಂದು ಸುರಿದರೆ, ಓಡಿದ ಮೇಲೆ ಅಷ್ಟೂ ಹೆಚ್ಚುವರಿಯಾಗುತ್ತದೆ.

ಬಿಚ್ಚುವ ಮೊದಲಿನ ಪರೀಕ್ಷೆಗಳು

ಕಣ್ಣಿಗೆ ಕಂಡದ್ದನ್ನು ಅಳತೆಯಿಂದ ಗಟ್ಟಿ ಮಾಡಿಕೊಳ್ಳಲು ಮೊದಲು ಪ್ಲಗ್ ಬಿಚ್ಚಬೇಕು. ಅದರ ತುದಿ ಒದ್ದೆಯಾಗಿ, ಕಪ್ಪಾಗಿ, ಜಿಡ್ಡಾಗಿದ್ದರೆ ಆಯಿಲ್. ಒಣ ಮಸಿಯಾದರೆ ಪೆಟ್ರೋಲ್ ಹೆಚ್ಚು. ತಿಳಿ ಕಂದು ಇದ್ದರೆ ಸರಿ. ಸುಣ್ಣದಂತೆ ಬೆಳ್ಳಗಾಗಿದ್ದರೆ ಪೆಟ್ರೋಲ್ ಸಾಲದೆ ಇಂಜಿನ್ ಅತಿಯಾಗಿ ಕಾಯುತ್ತಿದೆ. ಎಥನಾಲ್ ಬೆರೆತ ಈಗಿನ ಪೆಟ್ರೋಲಿನಲ್ಲಿ ಹಳೆಯ ಕಾರ್ಬೊರೇಟರುಗಳ ಮಿಶ್ರಣ ಸ್ವಲ್ಪ ತೆಳುವಾಗುವುದರಿಂದ ಪ್ಲಗ್ ಮೊದಲಿಗಿಂತ ಬಿಳಿಚಿಕೊಂಡಿರುವುದು ಸಾಮಾನ್ಯ. ಹಾಗಾಗಿ ಬಣ್ಣದ ಸೂಕ್ಷ್ಮ ವ್ಯತ್ಯಾಸಗಳಿಗೆ ಹಿಂದಿನಷ್ಟು ಬೆಲೆ ಕೊಡಬೇಕಿಲ್ಲ. ಒದ್ದೆಯೋ ಒಣವೋ ಎಂಬುದು ಮಾತ್ರ ಇಂದಿಗೂ ನಂಬಲರ್ಹ.

ಆಮೇಲಿನದು ಕಂಪ್ರೆಶನ್ ಪರೀಕ್ಷೆ. ಇಂಜಿನ್ ಬಿಸಿ ಮಾಡಿ, ಪ್ಲಗ್ಗಿನ ಜಾಗಕ್ಕೆ ಗೇಜ್ ಬಿಗಿದು, ಎಕ್ಸಲರೇಟರನ್ನು ಪೂರ್ತಿ ತೆರೆದು ಹಿಡಿದು, ಮುಳ್ಳು ಏರುವುದು ನಿಲ್ಲುವವರೆಗೆ ಕಿಕ್ ಹೊಡೆಯಬೇಕು. ಎಕ್ಸಲರೇಟರ್ ಮುಚ್ಚಿದ್ದರೆ ಗಾಳಿ ಒಳಬರದೆ ಅಂಕಿ ಸುಳ್ಳಾಗುತ್ತದೆ. ಟ್ಯಾಪೆಟ್ ಸಂದಿಯನ್ನು ಮೊದಲೇ ಸರಿಪಡಿಸಿರಬೇಕು, ಏಕೆಂದರೆ ಬಿಗಿಯಾದ ಟ್ಯಾಪೆಟ್ ವಾಲ್ವನ್ನು ಪೂರ್ತಿ ಮುಚ್ಚಗೊಡದೆ ಚೆನ್ನಾಗಿರುವ ಇಂಜಿನ್ನನ್ನೂ ಕೆಟ್ಟದ್ದೆಂದು ತೋರಿಸುತ್ತದೆ. ಬಂದ ಅಂಕಿಯನ್ನು ಬರೆದಿಟ್ಟು, ಪ್ಲಗ್ ತೂತಿನಿಂದ ಒಂದು ಚಮಚ, ಎಂದರೆ ಸುಮಾರು 5 ಮಿ.ಲೀ. ಆಯಿಲ್ ಬಿಟ್ಟು, ಒಂದೆರಡು ಬಾರಿ ತಿರುಗಿಸಿ ಮತ್ತೆ ಅಳೆಯಬೇಕು. ಆಯಿಲ್ ತಾತ್ಕಾಲಿಕವಾಗಿ ರಿಂಗುಗಳ ಸಂದಿ ಮುಚ್ಚುತ್ತದೆ. ಅಂಕಿ ಚೆನ್ನಾಗಿ ಏರಿದರೆ ರಿಂಗು ಬೋರು ಸವೆದಿವೆ. ಏರದಿದ್ದರೆ ಗಾಳಿ ವಾಲ್ವ್ ಕಡೆಯಿಂದಲೋ ಹೆಡ್ ಪ್ಯಾಕಿಂಗಿನಿಂದಲೋ ಹೋಗುತ್ತಿದೆ. ಒಂದು ಚಮಚದ ಜಾಗದಲ್ಲಿ ನಾಲ್ಕು ಚಮಚ ಸುರಿದರೆ ಆಯಿಲೇ ಜಾಗ ತುಂಬಿ ಅಂಕಿಯನ್ನು ಏರಿಸಿಬಿಡುತ್ತದೆ.

ಈ ಪರೀಕ್ಷೆಗೂ ಒಂದು ಮಿತಿಯಿದೆ. ಕಂಪ್ರೆಶನ್ ಹಿಡಿಯುವವು ಮೇಲಿನ ಎರಡು ರಿಂಗುಗಳು. ಆಯಿಲ್ ರಿಂಗಿನ ಕೆಲಸ ಗೋಡೆಯ ಆಯಿಲನ್ನು ಕೆರೆದು ಇಳಿಸುವುದಷ್ಟೇ. ಅದೊಂದೇ ಕೆಟ್ಟಿದ್ದರೆ ಗೇಜಿನ ಅಂಕಿ ಸರಿಯಾಗಿದ್ದೂ ಬೈಕ್ ಹೊಗೆಯುಗುಳುತ್ತದೆ.

ಗಾಳಿ ಕಂಪ್ರೆಸರ್ ಇರುವ ಗ್ಯಾರೇಜಿನಲ್ಲಿ ಇನ್ನೂ ನಿಖರವಾದ ಪರೀಕ್ಷೆ ಸಾಧ್ಯ. ಎರಡೂ ವಾಲ್ವ್ ಮುಚ್ಚಿರುವಂತೆ ಪಿಸ್ಟನ್ನನ್ನು ಮೇಲ್ತುದಿಯಲ್ಲಿ ನಿಲ್ಲಿಸಿ, ಕ್ರ್ಯಾಂಕ್ ತಿರುಗದಂತೆ ಹಿಡಿದು, ಪ್ಲಗ್ ತೂತಿನಿಂದ ಗಾಳಿ ಬಿಡುವುದು. ಸುಯ್ಯೆನ್ನುವ ಸದ್ದು ಆಯಿಲ್ ತುಂಬುವ ಬಾಯಿಂದ ಬಂದರೆ ರಿಂಗು, ಸೈಲೆನ್ಸರಿನಿಂದ ಬಂದರೆ ಎಕ್ಸಾಸ್ಟ್ ವಾಲ್ವ್, ಕಾರ್ಬೊರೇಟರಿನಿಂದ ಬಂದರೆ ಇನ್‌ಲೆಟ್ ವಾಲ್ವ್. ಇಂಜಿನ್ ಬಿಚ್ಚದೆ ಇಷ್ಟು ಖಚಿತ ಉತ್ತರ ಕೊಡುವ ಪರೀಕ್ಷೆ ಬೇರೊಂದಿಲ್ಲ. ಇದನ್ನು ಕೇಳಿ ಮಾಡಿಸಿಕೊಳ್ಳುವವರು ಹೆಚ್ಚಬೇಕು.

ಎಮಿಷನ್ ಟೆಸ್ಟಿನ ಚೀಟಿ ಈ ವಿಷಯದಲ್ಲಿ ಹೆಚ್ಚು ನೆರವಾಗದು. ಪೆಟ್ರೋಲ್ ಬೈಕಿನಲ್ಲಿ ಅಲ್ಲಿ ಅಳೆಯುವುದು ಐಡ್ಲಿಂಗಿನ ಕಾರ್ಬನ್ ಮಾನಾಕ್ಸೈಡ್ ಮತ್ತು ಉರಿಯದ ಹೈಡ್ರೊಕಾರ್ಬನ್. 2000ದ ಮಾರ್ಚ್ 31ಕ್ಕೆ ಮೊದಲು ತಯಾರಾದ ದ್ವಿಚಕ್ರ ವಾಹನಗಳಿಗೆ ಮಾನಾಕ್ಸೈಡಿನ ಮಿತಿ ಶೇ. 4.5. ನೀಲಿ ಹೊಗೆಯ ಬೈಕೂ ಕಾರ್ಬೊರೇಟರ್ ಸರಿಯಿದ್ದರೆ ಈ ಮಿತಿಯೊಳಗೆ ನಿಲ್ಲಬಹುದು. ಚೀಟಿ ಸಿಕ್ಕಿತೆಂಬುದು ಆಯಿಲ್ ಉರಿಯುತ್ತಿಲ್ಲ ಎಂಬುದಕ್ಕೆ ಸಾಕ್ಷಿಯಾಗದು.

ಆಯಿಲ್ ಎಷ್ಟು ಖರ್ಚಾಗುತ್ತಿದೆ ಎಂಬ ಲೆಕ್ಕವನ್ನು ಮಾತ್ರ ಬೈಕಿನ ಒಡೆಯನೇ ಇಡಬೇಕು. ಮೇಲಿನ ಗೆರೆಯವರೆಗೆ ತುಂಬಿ, 500 ಕಿ.ಮೀ. ಓಡಿಸಿ, ಮತ್ತೆ ಅದೇ ಗೆರೆಗೆ ತರಲು ಎಷ್ಟು ಮಿ.ಲೀ. ಬೇಕಾಯಿತೆಂದು ಅಳೆದರೆ ಸಾಕು. ಹಳೆಯ ಇಂಜಿನ್ ಒಂದಿಷ್ಟು ಕುಡಿಯುವುದು ಸಹಜ. ಆದರೆ 100 ಸಿಸಿ ಬೈಕಿನಲ್ಲಿರುವುದೇ ಒಂದು ಲೀಟರಿಗಿಂತ ಕಡಿಮೆ ಆಯಿಲ್. ಅದರಲ್ಲಿ 300 ಮಿ.ಲೀ. ಹೋದರೆ ಮೂರರಲ್ಲೊಂದು ಪಾಲು ಹೋದಂತೆ, ಉಳಿದದ್ದು ಅಷ್ಟೇ ಬೇಗ ಕಾಯುತ್ತದೆ, ಕೆಡುತ್ತದೆ. ಹೊಗೆಯಿಂದ ಇಂಜಿನ್ ಸಾಯುವುದಿಲ್ಲ. ಹೊಗೆಯಾಗಿ ಹೋದ ಆಯಿಲನ್ನು ತುಂಬದೆ ಓಡಿಸಿದರೆ ಸಾಯುತ್ತದೆ. ಖರ್ಚು ತಗ್ಗಲೆಂದು ಕೈಪಿಡಿ ಹೇಳಿದ್ದಕ್ಕಿಂತ ದಪ್ಪ ಆಯಿಲ್ ಹಾಕುವುದು ಪರಿಹಾರವಲ್ಲ. ತಣ್ಣಗಿರುವಾಗ ಅದು ಹೆಡ್ಡಿಗೆ ತಲುಪುವುದು ತಡವಾಗಿ ಕ್ಯಾಮ್, ರಾಕರುಗಳು ಒಣಗುತ್ತವೆ. ಕಾರಿನ ಆಯಿಲೂ ಬೇಡ. ಕ್ಲಚ್ ಪ್ಲೇಟುಗಳು ಇಂಜಿನ್ ಆಯಿಲಿನಲ್ಲೇ ಮುಳುಗಿರುವ ಬೈಕುಗಳಲ್ಲಿ, ಜಾರಿಕೆ ಹೆಚ್ಚಿಸುವ ವಸ್ತು ಬೆರೆತ ಕಾರಿನ ಆಯಿಲ್ ಕ್ಲಚ್ ಹಿಡಿತವನ್ನೇ ತಪ್ಪಿಸುತ್ತದೆ. ಡಬ್ಬಿಯ ಮೇಲೆ ಜಾಸೊ ಎಂಎ ಎಂಬ ಗುರುತಿರುವುದನ್ನು ನೋಡಿ ಕೊಳ್ಳಬೇಕು.

ಟೂ ಸ್ಟ್ರೋಕಿನ ಲೆಕ್ಕ

ಜಾವಾ, ಯೆಜ್ಡಿಗಳಲ್ಲಿ ಆಯಿಲನ್ನು ಪೆಟ್ರೋಲಿಗೇ ಬೆರೆಸಬೇಕು. 25ಕ್ಕೆ 1ರ ಪ್ರಮಾಣವೆಂದರೆ ಲೀಟರಿಗೆ 40 ಮಿ.ಲೀ., 5 ಲೀಟರಿಗೆ 200 ಮಿ.ಲೀ. ಅಂದಾಜಿನಲ್ಲಿ ಸುರಿದಾಗ ಹೆಚ್ಚಾದರೆ ಹೊಗೆ, ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಅಳತೆ ಡಬ್ಬಿಯೊಂದನ್ನು ಟೂಲ್ ಬಾಕ್ಸಿನಲ್ಲಿ ಇಟ್ಟುಕೊಳ್ಳುವುದೇ ಸರಿಯಾದ ದಾರಿ. 98 ಸಿಸಿಯ ಆರ್‌ಎಕ್ಸ್ 100ರಲ್ಲಿ ಪ್ರತ್ಯೇಕ ಆಯಿಲ್ ಟ್ಯಾಂಕ್ ಇದ್ದು, ಎಕ್ಸಲರೇಟರ್ ಕೇಬಲ್ಲಿಗೆ ಹೊಂದಿಕೊಂಡ ಪಂಪ್ ಬೇಕಾದಷ್ಟನ್ನು ಕೊಡುತ್ತದೆ. ಪಂಪಿನ ಕೇಬಲ್ ಗುರುತಿಗೆ ತಕ್ಕಂತೆ ಹೊಂದಿಸಿರದಿದ್ದರೆ ಹೊಗೆ ಹೆಚ್ಚು. ಆಯಿಲಿನ ಗುಣವೂ ಎಣಿಕೆಗೆ ಬರುತ್ತದೆ. ಜಾಸೊ ಎಫ್‌ಸಿ, ಎಫ್‌ಡಿ ಗುರುತಿನ 2ಟಿ ಆಯಿಲುಗಳು ಎಫ್‌ಬಿಗಿಂತ ಕಡಿಮೆ ಹೊಗೆಯವು.

ಟೂ ಸ್ಟ್ರೋಕಿನಲ್ಲಿ ಹೊಗೆ ಇದ್ದಕ್ಕಿದ್ದಂತೆ ವಿಪರೀತವಾಗಿ, ಪ್ಲಗ್ ಮತ್ತೆ ಮತ್ತೆ ಒದ್ದೆಯಾಗುತ್ತಿದ್ದರೆ ಗೇರ್‌ಬಾಕ್ಸಿನ ಆಯಿಲ್ ಅಳೆಯಬೇಕು. ಹೊರಗೆಲ್ಲೂ ಸೋರದೆಯೇ ಅದು ಇಳಿಯುತ್ತಿದೆಯೆಂದರೆ ಕ್ಲಚ್ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿದೆ. ಟೂ ಸ್ಟ್ರೋಕಿನ ಕ್ರ್ಯಾಂಕ್‌ಕೇಸೇ ಮಿಶ್ರಣವನ್ನು ಹೀರುವ ಪಂಪಾಗಿರುವುದರಿಂದ, ಸೀಲ್ ಬಿಟ್ಟೊಡನೆ ಅದು ಪಕ್ಕದ ಗೇರ್ ಆಯಿಲನ್ನೂ ಹೀರತೊಡಗುತ್ತದೆ. ಹೊಗೆ ದಟ್ಟ ಬಿಳಿಯಾಗಿ, ಸುಟ್ಟ ಗೇರ್ ಆಯಿಲಿನ ಘಾಟು ವಾಸನೆಯೊಂದಿಗೆ ಬರುತ್ತದೆ. ಇನ್ನೊಂದು ಕಡೆಯ, ಮ್ಯಾಗ್ನೆಟೋ ಬದಿಯ ಸೀಲ್ ಹೋದರೆ ಹೀರುವುದು ಬರೀ ಗಾಳಿಯನ್ನು. ಹೊಗೆ ಕಡಿಮೆಯೇ ಆಗುತ್ತದೆ, ಐಡ್ಲಿಂಗ್ ತಾನಾಗಿ ಏರುತ್ತದೆ, ಇಂಜಿನ್ ಕಾದು ಹಿಡಿದುಕೊಳ್ಳುತ್ತದೆ. ಟೂ ಸ್ಟ್ರೋಕ್ ಬೈಕಿನ ಹೊಗೆ ಕಾರಣವಿಲ್ಲದೆ ನಿಂತುಹೋದರೆ ಸಂತೋಷಪಡದೆ ಮೊದಲು ಇಂಜಿನ್ ಆರಿಸಿ ನೋಡಬೇಕು. ಆರ್‌ಎಕ್ಸ್‌ನಲ್ಲಾದರೆ ಆಯಿಲ್ ಪಂಪೇ ನಿಂತಿರಬಹುದು.

ಸೀಲ್ ಹಾಕಿಸಿದ ಮೇಲೂ ಹೊಗೆ ಮುಂದುವರಿದರೆ ಮೆಕ್ಯಾನಿಕ್ಕನ್ನು ತಕ್ಷಣ ದೂರಬಾರದು. ತಿಂಗಳುಗಟ್ಟಲೆ ಹೀರಿದ ಆಯಿಲ್ ಸೈಲೆನ್ಸರಿನೊಳಗೆ ಕುಳಿತಿರುತ್ತದೆ, ಬಿಸಿಯಾದಾಗಲೆಲ್ಲ ಸುಡುತ್ತದೆ. ಒಳಗಿನ ಬ್ಯಾಫಲ್ ತೆಗೆದು ಶುದ್ಧ ಮಾಡಿ, ಒಂದೆರಡು ದೀರ್ಘ ಓಟ ಓಡಿಸಿದ ಬಳಿಕವೇ ನಿಜ ತಿಳಿಯುವುದು. ಈ ಮಾತು ಫೋರ್ ಸ್ಟ್ರೋಕಿಗೂ ಅನ್ವಯಿಸುತ್ತದೆ.

ಸೋರಿಕೆ ಮತ್ತು ಆಯಿಲಿನ ಬಣ್ಣ

ಇಳಿದ ಆಯಿಲೆಲ್ಲ ಉರಿದೇ ಹೋಗಿರಬೇಕೆಂದಿಲ್ಲ. ಸೋರಿದ ಆಯಿಲ್ ಕೆಳಕ್ಕೆ ಇಳಿಯುತ್ತದೆ, ಓಡುವಾಗಿನ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಆದ್ದರಿಂದ ಒದ್ದೆಯ ಅತಿ ಮೇಲಿನ, ಅತಿ ಮುಂದಿನ ಜಾಗವೇ ಮೂಲ. ಇಂಜಿನ್ನನ್ನು ಸೀಮೆಎಣ್ಣೆ ಅಥವಾ ಡೀಸೆಲ್ಲಿನಿಂದ ತೊಳೆದು, ಪೂರ್ತಿ ಒಣಗಿಸಿ, ಮುಖದ ಪೌಡರ್ ಉದುರಿಸಿ, ಸ್ವಲ್ಪ ದೂರ ಓಡಿಸಿ ಬಂದರೆ ಮೊದಲು ಒದ್ದೆಯಾದ ಗೆರೆ ಪೌಡರಿನ ಮೇಲೆ ಎದ್ದು ಕಾಣುತ್ತದೆ. ಟ್ಯಾಪೆಟ್ ಮುಚ್ಚಳದ ರಬ್ಬರ್, ಡ್ರೈನ್ ಬೋಲ್ಟಿನ ವಾಷರ್, ಗೇರ್ ಶಾಫ್ಟಿನ ಸೀಲ್, ಚೈನಿನ ಮುಂದಿನ ಸ್ಪ್ರಾಕೆಟ್ಟಿನ ಹಿಂದಿರುವ ಸೀಲ್ ಇವೆಲ್ಲ ಹೆಡ್ ಬಿಚ್ಚದೆ ಸರಿಹೋಗುವಂಥವು. ಸ್ಪ್ರಾಕೆಟ್ ಸುತ್ತಲಿನ ಜಿಡ್ಡು ಎಷ್ಟೋ ಸಲ ಚೈನಿಗೆ ಹಾಕಿದ ಆಯಿಲೇ ಆಗಿರುತ್ತದೆ. ಹಳೆಯ ಬುಲೆಟ್ಟಿನ ಎಡಗಡೆಯ ಪ್ರೈಮರಿ ಚೈನ್ ಕವರ್ ನಡುವಿನ ಒಂದೇ ನಟ್ಟಿನ ಮೇಲೆ ನಿಂತಿದೆ. ಸೋರುತ್ತದೆಂದು ಅದನ್ನು ಅತಿಯಾಗಿ ಬಿಗಿದರೆ ಕವರ್ ಬಾಗಿ ಇನ್ನೂ ಸೋರುತ್ತದೆ. ಜಾವಾ, ಯೆಜ್ಡಿಗಳಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಲಿವರ್ ಇರುವುದರಿಂದ ಅದರ ಶಾಫ್ಟಿನ ಸುತ್ತ ಸವೆತ ಹೆಚ್ಚು, ಜಿನುಗುವುದೂ ಹೆಚ್ಚು.

ಇಳಿಸಿದ ಆಯಿಲನ್ನು ಚರಂಡಿಗೆ ಚೆಲ್ಲದೆ ಬಿಳಿ ತಟ್ಟೆಯಲ್ಲಿ ಹಿಡಿದು ನೋಡಬೇಕು. ಫೋರ್ ಸ್ಟ್ರೋಕಿನ ಆಯಿಲ್ ಕಪ್ಪಾಗುವುದು ದೋಷವಲ್ಲ, ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವುದು ಅದರ ಕೆಲಸವೇ. ಹಾಲು ಬೆರೆಸಿದಂತಾಗಿದ್ದರೆ ನೀರು ಸೇರಿದೆ. ಮಲೆನಾಡಿನ ಮಳೆಗಾಲದಲ್ಲಿ ದಿನಕ್ಕೆ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಬೈಕಿನಲ್ಲಿ ಇಂಜಿನ್ ಪೂರ್ತಿ ಕಾಯದೆ, ಒಳಗೆ ಕೂಡಿದ ತೇವ ಆರುವುದೇ ಇಲ್ಲ. ಹೊಳೆಯುವ ಪುಡಿ ಕಂಡರೆ ಅಯಸ್ಕಾಂತ ಹಿಡಿದು ನೋಡಬೇಕು: ಅಂಟಿದರೆ ಗೇರು, ಕ್ಯಾಮ್, ಬೇರಿಂಗುಗಳ ಉಕ್ಕು, ಅಂಟದೆ ಬೆಳ್ಳಗೆ ಹೊಳೆದರೆ ಬಹುಪಾಲು ಪಿಸ್ಟನ್ನಿನ ಅಲ್ಯೂಮಿನಿಯಂ.

ಬಿಚ್ಚಲೇಬೇಕಾದಾಗ

ಪರೀಕ್ಷೆಗಳು ವಾಲ್ವ್ ಕಡೆಗೆ ಬೊಟ್ಟು ಮಾಡಿದರೆ ಹೆಡ್ ತೆಗೆದರೆ ಸಾಕು, ಸಿಲಿಂಡರನ್ನು ಮುಟ್ಟಬೇಕಿಲ್ಲ. ವಾಲ್ವನ್ನು ಸ್ವಲ್ಪ ಮೇಲೆತ್ತಿ ಅಕ್ಕಪಕ್ಕ ಅಲುಗಾಡಿಸಿದಾಗ ಕೈಗೆ ಗೊತ್ತಾಗುವಷ್ಟು ಆಟವಿದ್ದರೆ ಗೈಡ್ ಸವೆದಿದೆ. ಅಂಥ ಗೈಡಿಗೆ ಬರೀ ಹೊಸ ಸೀಲ್ ಹಾಕಿದರೆ, ಅಲುಗುವ ಕಡ್ಡಿ ಕೆಲವೇ ತಿಂಗಳಲ್ಲಿ ಅದನ್ನೂ ತಿಂದುಹಾಕುತ್ತದೆ.

ಸಿಲಿಂಡರ್ ಬಿಚ್ಚಿದಾಗ ಕಣ್ಣಂದಾಜು ನಡೆಯದು. ಬೋರಿನ ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆಯೂ ಎರಡು ದಿಕ್ಕಿನಲ್ಲಿ ಬೋರ್ ಗೇಜಿನಿಂದ ಅಳೆಯಬೇಕು. ಸವೆತ ಅತಿ ಹೆಚ್ಚಿರುವುದು ಮೇಲಿನ ರಿಂಗ್ ತಿರುಗಿ ಇಳಿಯುವ ಜಾಗದಲ್ಲಿ. ಉಗುರಿಗೆ ಅಲ್ಲೊಂದು ಅಂಚು ಸಿಗುತ್ತದೆ. ರಿಂಗನ್ನು ಬಿಡಿಯಾಗಿ ಬೋರಿನೊಳಗಿಟ್ಟು, ಪಿಸ್ಟನ್ನಿನಿಂದ ನೇರವಾಗಿ ಕೆಳಗೆ ತಳ್ಳಿ, ಅದರ ಎರಡು ತುದಿಗಳ ನಡುವಿನ ಸಂದಿಯನ್ನು ಫೀಲರ್ ಗೇಜಿನಿಂದ ಅಳೆಯುತ್ತಾರೆ. ಬೋರಿನ ಪ್ರತಿ 25 ಮಿ.ಮೀ.ಗೆ ಸುಮಾರು 0.1 ಮಿ.ಮೀ. ಎಂಬುದು ಹೊಸ ರಿಂಗಿನ ರೂಢಿಯ ಲೆಕ್ಕ. 50 ಮಿ.ಮೀ. ಬೋರಿನ 100 ಸಿಸಿ ಬೈಕಿಗೆ 0.2 ಮಿ.ಮೀ. ಆಸುಪಾಸು ಎಂದಾಯಿತು, ಕೊನೆಯ ಮಾತು ಆಯಾ ಬೈಕಿನ ಕೈಪಿಡಿಯದು. ಬೋರ್ ಇನ್ನೂ ಅಳತೆಯೊಳಗಿದ್ದರೆ ಹೋನಿಂಗ್ ಮಾಡಿಸಿ, ಎಂದರೆ ಗೋಡೆಯನ್ನು ಸಾಣೆಕಲ್ಲಿನಿಂದ ಹದವಾಗಿ ಉಜ್ಜಿಸಿ, ರಿಂಗ್ ಬದಲಿಸಿದರೆ ಸಾಕು. ಅಳತೆ ಮೀರಿದ್ದರೆ 0.25, 0.50 ಮಿ.ಮೀ. ಹೀಗೆ ಮೇಲೇರುವ ಓವರ್‌ಸೈಜ್ ಪಿಸ್ಟನ್ನುಗಳಲ್ಲಿ ಅಗತ್ಯವಿದ್ದಷ್ಟೇ ದೊಡ್ಡದನ್ನು ಆರಿಸಬೇಕು. ಪಿಸ್ಟನ್ ಮೊದಲು ಕೊಂಡು, ಅದನ್ನು ಅಳೆದು, ಅದಕ್ಕೆ ತಕ್ಕಂತೆ ಬೋರ್ ಮಾಡಿಸಬೇಕು. ಬೋರ್ ಮಾಡಿಸಿ ಪಿಸ್ಟನ್ ಹುಡುಕುವುದಲ್ಲ. ಸವೆದು ಅಂಡಾಕಾರವಾದ ಬೋರಿಗೆ ಬರೀ ಹೊಸ ರಿಂಗ್ ತೊಡಿಸಿದರೆ ಹೊಗೆ ನಿಲ್ಲುವುದಿಲ್ಲ, ಹಣವೂ ಹೋಗುತ್ತದೆ.

ಜೋಡಿಸುವಾಗ ರಿಂಗುಗಳ ಬಾಯಿ ಒಂದೇ ಸಾಲಿಗೆ ಬಾರದಂತೆ ಸುತ್ತಲೂ ಹಂಚಿ, ಅಕ್ಷರದ ಗುರುತಿರುವ ಮುಖ ಮೇಲಕ್ಕೆ ಬರುವಂತೆ ಇಡಬೇಕು. ಟೂ ಸ್ಟ್ರೋಕಿನಲ್ಲಾದರೆ ಪಿಸ್ಟನ್ನಿನ ತೋಡಿನಲ್ಲಿ ರಿಂಗಿನ ಬಾಯಿಗೆಂದೇ ಪಿನ್ ಇದೆ, ಅದಕ್ಕೇ ಸರಿಯಾಗಿ ಕೂರಬೇಕು. ಹೊಸ ಬೋರಿನ ಮೊದಲ ಕೆಲವು ನೂರು ಕಿ.ಮೀ.ಗಳಲ್ಲೇ ರಿಂಗುಗಳು ಗೋಡೆಗೆ ಹೊಂದಿಕೊಳ್ಳುತ್ತವೆ. ಆಗ ನಿಂತಲ್ಲೇ ಬಹಳ ಹೊತ್ತು ಐಡ್ಲಿಂಗ್ ಬಿಡುವುದು, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸುವುದು, ಟಾಪ್ ಗೇರಿನಲ್ಲಿ ಇಂಜಿನ್ ಒದ್ದಾಡುವಂತೆ ಏರು ಹತ್ತಿಸುವುದು ಮೂರೂ ಸಲ್ಲವು. ವೇಗವನ್ನು ಏರಿಳಿಸುತ್ತ, ಹದವಾದ ಹೊರೆ ಕೊಡುತ್ತ ಓಡಿಸಬೇಕು. ಫೋರ್ ಸ್ಟ್ರೋಕಾದರೆ ಮೊದಲ ಆಯಿಲನ್ನು 500 ಕಿ.ಮೀ. ಒಳಗೇ ಬದಲಿಸಬೇಕು, ಸವೆದ ಪುಡಿ ಹೆಚ್ಚಾಗಿ ಬರುವುದು ಆಗಲೇ. ಅಲ್ಲಿಯವರೆಗೆ ತೆಳುವಾದ ನೀಲಿ ಹೊಗೆ ಕಂಡರೆ ಗಾಬರಿ ಬೇಡ. 1000 ಕಿ.ಮೀ. ದಾಟಿಯೂ ಅದು ಉಳಿದಿದ್ದರೆ ಆಯಿಲ್ ರಿಂಗ್ ತಪ್ಪಾಗಿ ಕುಳಿತಿರಬೇಕು, ಇಲ್ಲವೇ ಬೋರಿನ ಗೋಡೆ ಗಾಜಿನಂತೆ ನುಣುಪಾಗಿ ರಿಂಗುಗಳು ಹೊಂದಿಕೊಳ್ಳದೆ ಉಳಿದಿರಬೇಕು. ಆಗ ಸಿಲಿಂಡರನ್ನು ಮತ್ತೆ ತೆಗೆದು, ಹೊಸದಾಗಿ ಹೋನ್ ಮಾಡಿಸಿ, ರಿಂಗುಗಳನ್ನು ಮರಳಿ ಅಳೆಯಬೇಕಾಗುತ್ತದೆ.